ಫ್ರೌ ಕೆಸ್ಲರ್ ಅವರ ಗ್ರೀಕ್ ಕಲ್ಲು

ಬಿಳಿ ಕಲ್ಲು ಕಂಡರೆ ಹೆಬ್ಬೆರಳಿಗೆ ಎಂಜಲು ಹಚ್ಚಿ ಅದರ ಮೇಲೆ ಉಜ್ಜಿ ನೋಡುವ ಚಟವೊಂದು ನನಗಿದೆ. ಮಡಿ-ಮೈಲಿಗೆಯವರ ಮುಂದೆ ಹೇಳಿಕೊಳ್ಳುವಂಥದ್ದಲ್ಲ. ಹೋದ ತಿಂಗಳು ನೆಂಟರೊಬ್ಬರ ಮನೆಯ ವಾಸ್ತುಶಾಂತಿಗೆ ಹೋದಾಗ, ಅವರ ದೇವರಕೋಣೆಯ ಹೊಸ ಅಮೃತಶಿಲೆಯ ಕಟ್ಟೆಯ ಮೇಲೂ ನನ್ನ ಹೆಬ್ಬೆರಳು ತನಗೆ ತಾನೇ ಹೋಗಿಬಿಟ್ಟಿತು. ಪೂಜೆಗೆ ಕೂತಿದ್ದ ಯಜಮಾನರು ಮಂತ್ರ ನಿಲ್ಲಿಸಿ ನನ್ನನ್ನೇ ನೋಡಿದರು. "ಕಾಳು ದಪ್ಪ ಅದಾವ, ಛಲೋ ಕಲ್ಲು" ಎಂದು ಸಮಜಾಯಿಷಿ ಕೊಟ್ಟೆ. ಕಟ್ಟೆಗೆ ಮತ್ತೊಮ್ಮೆ ಗಂಗಾಜಲ ಪ್ರೋಕ್ಷಣೆಯಾಯಿತು.

ಒದ್ದೆ ಮಾಡಿದರೆ ಕಲ್ಲಿನೊಳಗಿನ ಹರಳಿನ ಕಾಳು ಭೂತಗಾಜಿನ ಕೆಳಗಿಟ್ಟಂತೆ ಎದ್ದು ಕಾಣುತ್ತದೆ. ಇದನ್ನು ಕಲಿಸಿದವಳು ನನ್ನ ಹೆಂಡತಿ ಸುನಂದಾ. ಅವಳು ಧಾರವಾಡದಲ್ಲಿ ಭೂವಿಜ್ಞಾನದ ಎಂ.ಎಸ್ಸಿ. ಮಾಡಿದವಳು. ಕಲ್ಲು ಓದುವವರಿಗೆ ನಾಲಿಗೆಯೇ ಮೊದಲ ಉಪಕರಣ, ಸೂಕ್ಷ್ಮದರ್ಶಕ ಆಮೇಲೆ ಬರುವುದು ಎಂಬುದು ಅವಳ ಮತ.

ಅವಳು ಬರುವ ಮೊದಲು ಕಲ್ಲಿಗೂ ನನಗೂ ಇದ್ದ ನಂಟು ಅಷ್ಟಕ್ಕಷ್ಟೆ. ಚಿಕ್ಕಂದಿನಲ್ಲಿ ಬಳಪ ತಿಂದು ಬಡಿಸಿಕೊಂಡಿದ್ದೆ. ಹುಬ್ಬಳ್ಳಿಯ ಮನೆಯಲ್ಲಿ ಬೇಸಿಗೆಯ ಮಧ್ಯಾಹ್ನ ಅಂಗಿ ಬಿಚ್ಚಿ ನೆಲಕ್ಕೆ ಹಾಸಿದ ಶಹಾಬಾದಿ ಫರಸಿಕಲ್ಲಿನ ಮೇಲೆ ಬೆನ್ನು ಹಚ್ಚಿ ಮಲಗುತ್ತಿದ್ದೆ. ಬೆನ್ನಡಿಯ ಫರಸಿ ಬಿಸಿಯಾಯಿತೆಂದರೆ ಪಕ್ಕದ ಫರಸಿಗೆ ಹೊರಳುವುದು, ಹೀಗೆ ಹೊರಳುತ್ತ ಹೊರಳುತ್ತ ನಡುಮನೆಯಿಂದ ಅಡುಗೆಮನೆಯ ತನಕ ಹೋಗಿ ಅವ್ವನ ಕಾಲಿಗೆ ಅಡ್ಡ ಬರುವುದು. ಓಣಿಯಲ್ಲಿ ಸವೆದ ಬೀಸುಕಲ್ಲಿಗೆ ಉಳಿಯಿಂದ ಮುಳ್ಳು ಹೊಡೆಯುವ ಹೆಂಗಸು ಬಂದರೆ, ಅವಳ ಎದುರು ಕೂತು ಕಲ್ಲಿನ ಪುಡಿಗೆ ನನ್ನ ಹುಬ್ಬು ಬೆಳ್ಳಗಾಗುವ ತನಕ ಏಳುತ್ತಿರಲಿಲ್ಲ.

ಹೆಣ್ಣು ನೋಡಲು ಧಾರವಾಡಕ್ಕೆ ಹೋದಾಗ ಸುನಂದಾ ಇಡೀ ಹೊತ್ತು ನೆಲ ನೋಡುತ್ತ ಕೂತಿದ್ದಳು. ಈ ಕಾಲದಲ್ಲೂ ಇಂಥ ನಾಚಿಕೆಯ ಹುಡುಗಿ ಇದ್ದಾಳಲ್ಲ ಎಂದು ನಾನು ಅಲ್ಲೇ ಒಪ್ಪಿಬಿಟ್ಟೆ. ಮದುವೆಯಾದ ಮೇಲೆ ಕೇಳಿದರೆ, "ಅಯ್ಯ, ನಾಚಿಕಿ ಎಲ್ಲೀದ್ರೀ! ನಿಮ್ಮ ಕುರ್ಚಿ ಬುಡಕಿನ ಫರಸಿ ಒಂದ ಬ್ಯಾರೆ ಬಣ್ಣದ್ದಿತ್ತು. ಎಲ್ಲೀದು ಅಂತ ನೋಡ್ಲಿಕ್ಕೆ ಹತ್ತಿದ್ದೆ" ಎಂದಳು.

ಮದುವೆಯಾದ ಮೇಲೆ ನನಗೆ ಗ್ರೀನ್ ಕಾರ್ಡ್ ಸಿಕ್ಕಿತು. ಹಾಗೆಂದೊಡನೆ ನೀವು ಅಮೆರಿಕ ಎಂದುಕೊಳ್ಳಬಾರದು. ಶತಮಾನ ಹೊರಳುವ ಹೊತ್ತಿಗೆ ಜರ್ಮನಿಯೂ ಕಂಪ್ಯೂಟರಿನವರಿಗೆಂದು ಅದೇ ಹೆಸರಿನ ಪರ್ಮಿಟ್ಟು ತೆಗೆದಿತ್ತು. ಅದು ಹಸಿರಾಗಿಯೂ ಇರಲಿಲ್ಲ, ಕಾರ್ಡೂ ಆಗಿರಲಿಲ್ಲ. ಪಾಸ್‌ಪೋರ್ಟಿಗೆ ಅಂಟಿಸಿದ ಒಂದು ಚೀಟಿ. ಅದನ್ನು ಹಿಡಿದು ನಾನು ಡಾರ್ಮ್‌ಸ್ಟಾಟ್‌ಗೆ ಬಂದೆ. ಜೊತೆಗೆ ಬಂದ ಸುನಂದಾಳ ಪಾಸ್‌ಪೋರ್ಟಿನ ಚೀಟಿಯ ಮೇಲೆ ಮಾತ್ರ ಸದ್ಯಕ್ಕೆ ಕೆಲಸ ಮಾಡುವಂತಿಲ್ಲ ಎಂದು ಬರೆದಿತ್ತು. ನಾನು ಟ್ರಾಮ್ ಹತ್ತಿ ಆಫೀಸಿಗೆ ಹೋದರೆ ಅವಳು ಜರ್ಮನ್ ಕ್ಲಾಸಿಗೆ ಹೋಗುವುದು, ಬಂದು ಸಾರು ಕುದಿಸುವುದು, ಕಿಟಕಿಯಿಂದ ಎದುರಿನ ಚರ್ಚಿನ ಕಲ್ಲು ನೋಡುವುದು. ಆ ಚರ್ಚಿನ ಯಾವ ಕಲ್ಲು ಯಾವಾಗ ಬದಲಾಗಿದೆ ಎಂದು ಅಲ್ಲಿಯ ಪಾದ್ರಿಗೂ ಗೊತ್ತಿರಲಿಕ್ಕಿಲ್ಲ, ಇವಳಿಗೆ ಗೊತ್ತಿತ್ತು.

ನಾವಿದ್ದದ್ದು ಫ್ರೌ ಕೆಸ್ಲರ್, ಅಂದರೆ ಶ್ರೀಮತಿ ಕೆಸ್ಲರ್, ಎಂಬವರ ಮನೆಯ ಮೇಲಿನ ಅಂತಸ್ತಿನಲ್ಲಿ. ಎಪ್ಪತ್ತರ ಆಸುಪಾಸಿನ ವಿಧವೆ, ಮಕ್ಕಳಿಲ್ಲ. ಆಯುಷ್ಯವೆಲ್ಲ ಔಷಧಿ ಅಂಗಡಿಯಲ್ಲಿ ದುಡಿದವರಾದ್ದರಿಂದ ಎಲ್ಲಕ್ಕೂ ಅಳತೆ, ಎಲ್ಲಕ್ಕೂ ಲೇಬಲ್ಲು. ಖಾಲಿ ಮೊಸರಿನ ಡಬ್ಬಿ ಕಸದ ಹಳದಿ ಚೀಲಕ್ಕೆ, ಅದರ ಮುಚ್ಚಳ ಬೇರೆ ಮಾಡಿ. ಭಾನುವಾರ ಗಾಜಿನ ಬಾಟಲಿ ಎಸೆಯುವಂತಿಲ್ಲ. ಒಗ್ಗರಣೆಗೆ ಮೆಣಸಿನಕಾಯಿ ಬಿದ್ದಿತೋ, ಮೆಟ್ಟಿಲ ಕೆಳಗಿನಿಂದ "ಫ್ರೌ ಕುಲ್‌ಕಾರ್ನಿ, ಏನೋ ಸುಡುತ್ತಿದೆ!" ಎಂಬ ದನಿ. ನಮ್ಮ ಕುಲಕರ್ಣಿ ಅವರ ಬಾಯಲ್ಲಿ ಹಾಗಾಗಿತ್ತು. ಆ ಮೆಟ್ಟಿಲ ತಿರುವಿನ ಕಿಟಕಿಯಲ್ಲಿ ಒಂದು ಬಿಳಿ ಕಲ್ಲಿತ್ತು. ಮುಷ್ಟಿಗಿಂತ ದೊಡ್ಡದು, ಒಂದು ಮಗ್ಗುಲಲ್ಲಿ ಉಳಿ ಓಡಿದ ಗುರುತು. ಬಂದ ಮೊದಲ ದಿನವೇ ಸುನಂದಾ ಹೆಬ್ಬೆರಳು ಬಾಯಿಗೆ ಹಚ್ಚಿ ಅದರತ್ತ ಕೈಚಾಚಿದಳು.

"ಮುಟ್ಟಬೇಡಿ! ಅದು ಗ್ರೀಸಿನದು" ಎಂದರು ಫ್ರೌ ಕೆಸ್ಲರ್.

ಅದರ ಕಥೆ ಅಂಚೆಯವನಿಗೂ ಬಾಯಿಪಾಠವಾಗಿತ್ತು. ಐವತ್ತರ ದಶಕದ ಕೊನೆಗೆ ವೆರ್ನರ್ ಎಂಬ ಹುಡುಗ ಇವರನ್ನು ಮೆಚ್ಚಿದ. ಒಂದು ಬೇಸಿಗೆಯಲ್ಲಿ ಮೋಟಾರ್ ಸೈಕಲ್ ಹತ್ತಿ ಗ್ರೀಸಿಗೆ ಹೋದ. ಪಾರೋಸ್ ಎಂಬ ದ್ವೀಪದ ಪುರಾತನ ಅಮೃತಶಿಲೆಯ ಗಣಿಯಿಂದ ಈ ಕಲ್ಲು ತಂದು, ದೇವತೆಗಳ ಮೂರ್ತಿ ಕಡೆಯುವ ಕಲ್ಲು ಇದು, ನಿನಗೆ ಉಂಗುರದ ಬದಲು ಇದನ್ನೇ ಕೊಡುತ್ತೇನೆ ಎಂದ. ಇವರು ಹೂಂ ಎಂದರು.

ಒಂದು ದಿನ ಸುನಂದಾ ಯಾರನ್ನೂ ಕೇಳದೆ ಊರಿನ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೆ ಹೋಗಿ, ನಿಮ್ಮಲ್ಲಿರುವ ಕಲ್ಲು ತೋರಿಸಿ ಎಂದು ತನ್ನ ಅರ್ಧಂಬರ್ಧ ಜರ್ಮನ್‌ನಲ್ಲಿ ಕೇಳಿದಳು. ಸೀರೆ ಉಟ್ಟು ಸ್ವೆಟರ್ ತೊಟ್ಟು ಬಂದು ಕಲ್ಲು ಕೇಳುವ ಹೆಂಗಸನ್ನು ವಿಭಾಗದವರು ಹಿಂದೆ ಕಂಡಿರಲಿಲ್ಲ. ಅಲ್ಲಿ ಅವಳಿಗೆ ಸಿಕ್ಕವಳು ಎಲೆನಿ ಎಂಬ ಸಂಶೋಧಕಿ. ಆಫನ್‌ಬಾಖ್ ಎಂಬ ಊರಿನ ಚರ್ಮದ ಕಾರ್ಖಾನೆಗೆ ದುಡಿಯಲು ಗ್ರೀಸಿನಿಂದ ಬಂದವರ ಮಗಳು. ಅವಳ ಕೋಣೆಯ ತುಂಬ ಹಣ್ಣಿನ ಪೆಟ್ಟಿಗೆಗಳು, ಪೆಟ್ಟಿಗೆಗಳ ತುಂಬ ಅಮೃತಶಿಲೆಯ ಚೂರುಗಳು. ಪುರಾತನ ಗ್ರೀಕರು ಯಾವ ಬೆಟ್ಟದಲ್ಲಿ ಯಾವ ರೀತಿ ಕಲ್ಲು ತೆಗೆದರು, ಆ ಕಲ್ಲು ಯಾವ ಊರಿನ ಯಾವ ಮೂರ್ತಿಯಾಯಿತು ಎಂದು ಕಂಡುಹಿಡಿಯುವುದು ಅವಳ ಕೆಲಸ. ಇಬ್ಬರೂ ಒಂದೊಂದು ಚೂರಿಗೆ ಹೆಬ್ಬೆರಳು ಉಜ್ಜಿ ಪರಸ್ಪರ ಪರಿಚಯ ಮಾಡಿಕೊಂಡರಂತೆ. ಸುನಂದಾ ಸಂಬಳವಿಲ್ಲದ ಅತಿಥಿಯಾಗಿ ಅಲ್ಲಿಗೆ ದಿನಾ ಹೋಗತೊಡಗಿದಳು. ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆಯಾಯಿತು, ನಗು ಹೆಚ್ಚಾಯಿತು.

ರಾತ್ರಿ ಊಟಕ್ಕೆ ಕೂತಾಗ ನನಗೆ ಪಾಠ. ನೋಡಲು ಎಲ್ಲ ಅಮೃತಶಿಲೆಯೂ ಬಿಳಿಯೇ. ಆದರೆ ಅದರೊಳಗಿನ ಇಂಗಾಲ ಮತ್ತು ಆಮ್ಲಜನಕಗಳಲ್ಲಿ ಹಗುರದ್ದು, ಭಾರದ್ದು ಎಂದು ಎರಡು ಬಗೆ ಇರುತ್ತವೆ. ಯಾವುದು ಎಷ್ಟು ಬೆರೆತಿದೆ ಎನ್ನುವುದು ಬೆಟ್ಟದಿಂದ ಬೆಟ್ಟಕ್ಕೆ ಬೇರೆ. ಚಿಟಿಕೆಗಿಂತ ಕಡಿಮೆ ಪುಡಿ ಸಾಕು. ಅದಕ್ಕೆ ಆಮ್ಲ ಹನಿಸಿದರೆ ಬರುವ ಗಾಳಿಯನ್ನು ಒಂದು ಯಂತ್ರ ತೂಗಿ ಹೇಳುತ್ತದೆ. ಇನ್ನೊಂದು ಯಂತ್ರದಲ್ಲಿ ಕಲ್ಲಿನ ತೆಳು ಹಾಳೆಗೆ ಇಲೆಕ್ಟ್ರಾನು ಹಾಯಿಸಿದರೆ ಕೆಲವು ಕಲ್ಲು ಕೆಂಡದಂತೆ ಹೊಳೆಯುತ್ತವೆ, ಕೆಲವು ಮಂಕಾಗಿ ಕೂತುಬಿಡುತ್ತವೆ. ಪಾರೋಸ್‌ನ ಉತ್ತಮ ಕಲ್ಲು ಮಂಕು ಜಾತಿಯದು. ಅದನ್ನು ನೆಲದೊಳಗೆ ಸುರಂಗ ಕೊರೆದು, ಎಣ್ಣೆದೀಪದ ಬೆಳಕಿನಲ್ಲಿ ತೆಗೆಯುತ್ತಿದ್ದರಂತೆ. ಸುರಂಗದ ಗೋಡೆಗಳ ಫೋಟೋ ತಂದು ತೋರಿಸಿದಳು. ಗುದ್ದಲಿಯ ಏಟಿನ ಗೀರುಗಳು ಓರೆಯಾಗಿ, ಸಾಲುಸಾಲಾಗಿ. ಒಬ್ಬೊಬ್ಬ ಕೆಲಸಗಾರನ ಕೈಯ ಓಟವನ್ನು ಅದರಲ್ಲಿ ಲೇಸರ್‌ನಿಂದ ಅಳೆಯಬಹುದಂತೆ. ನನಗೆ ನಮ್ಮ ಓಣಿಯ ಬೀಸುಕಲ್ಲು ಕಂಡಿತು. ಹಾಗೆಂದು ಹೇಳಿದೆ. "ಬರೋಬ್ಬರಿ ಹಂಗ ಅದ" ಎಂದು ಮೆಚ್ಚಿ ಇನ್ನೊಂದು ಚಪಾತಿ ಬಡಿಸಿದಳು.

ಆ ಮೆಚ್ಚುಗೆಯಿಂದ ಉಬ್ಬಿ ನಾನು ಎಲೆನಿಗೆ ಒಂದು ಪ್ರೋಗ್ರಾಂ ಬರೆದುಕೊಡುವೆನೆಂದು ಒಪ್ಪಿಕೊಂಡೆ. ಕಲ್ಲಿನ ಇಂಗಾಲ, ಆಮ್ಲಜನಕಗಳ ಎರಡು ಅಂಕಿ ಕೊಟ್ಟರೆ ಅದು ಯಾವ ಗಣಿಯದೆಂದು ನಕ್ಷೆಯಲ್ಲಿ ಚುಕ್ಕೆ ಇಟ್ಟು ತೋರಿಸಬೇಕು. ಬ್ಯಾಂಕುಗಳಿಗೆ ಸಾಫ್ಟ್‌ವೇರ್ ಬರೆಯುವವನಿಗೆ ಇದೇನು ಮಹಾ! ಮೊದಲ ದಿನ ಮೂವರೂ ಪರದೆಯ ಮುಂದೆ ಕೂತು ನಕ್ಸೋಸ್ ದ್ವೀಪದ್ದೇ ಎಂದು ಖಾತ್ರಿಯಿದ್ದ ಕಲ್ಲೊಂದರ ಅಂಕಿ ಕೊಟ್ಟೆವು. ಭೂಮಿಯ ಮೇಲೆ ಇಂಥ ಗಣಿ ಇಲ್ಲ ಎಂದಿತು ನನ್ನ ಪ್ರೋಗ್ರಾಂ. ಎಲೆನಿ ಗಂಭೀರವಾಗಿ, "ನಮ್ಮೂರಲ್ಲೇ ಬಾಹ್ಯಾಕಾಶ ಕೇಂದ್ರ ಇದೆ, ಅಲ್ಲಿಗೆ ಕೊಟ್ಟುಬರೋಣವೇ?" ಎಂದಳು. ಆಮ್ಲಜನಕದ ಅಂಕಿಯ ಹಿಂದಿನ ಮೈನಸ್ ಚಿಹ್ನೆಯನ್ನು ನಾನು ಧೂಳೆಂದು ತಿಳಿದು ಒರೆಸಿ ಹಾಕಿದ್ದೆ.

ಸುನಂದಾ ಗ್ರೀಕ್ ಅಮೃತಶಿಲೆಯ ಕೆಲಸಕ್ಕೆ ಹೋಗುತ್ತಾಳೆಂದು ತಿಳಿದದ್ದೇ ಫ್ರೌ ಕೆಸ್ಲರ್ ಬೇರೆಯೇ ಮನುಷ್ಯರಾದರು. ಹಳದಿ ಚೀಲದ ವಿಚಾರಣೆ ನಿಂತಿತು. ಭಾನುವಾರ ಮಧ್ಯಾಹ್ನ ಕಾಫಿಗೆ, ಪ್ಲಮ್ ಕೇಕಿಗೆ ಕರೆ ಬರತೊಡಗಿತು. ಒಂದು ಭಾನುವಾರ ಅವರು ಆ ಕಲ್ಲನ್ನು ಕರವಸ್ತ್ರದಲ್ಲಿ ಸುತ್ತಿ ತಂದು ಸುನಂದಾಳ ಮಡಿಲಲ್ಲಿಟ್ಟರು.

"ಬರುವ ವಸಂತಕ್ಕೆ ನಾನು ಪಾರೋಸ್‌ಗೆ ಹೋಗಬೇಕೆಂದಿದ್ದೇನೆ, ಫ್ರೌ ಕುಲ್‌ಕಾರ್ನಿ. ದ್ವೀಪದಲ್ಲಿ ಗಣಿಗಳು ಬಹಳ ಇವೆಯಂತೆ. ವೆರ್ನರ್ ನಿಂತಿದ್ದ ಜಾಗದಲ್ಲೇ ನಿಲ್ಲಬೇಕು. ಇದು ಯಾವ ಗಣಿಯದೆಂದು ನೋಡಿ ಹೇಳುತ್ತೀರಾ?"

ಸುನಂದಾ ಒಪ್ಪಿಕೊಂಡಳು. ಕಾಣದ ಕಡೆಯಿಂದ ಚೂರು ಪುಡಿ ಕೆರೆದು, ಒಂದು ತೆಳು ಚಕ್ಕೆ ಕತ್ತರಿಸಿ, ಎಲೆನಿಯ ಜೊತೆ ಎರಡೂ ಯಂತ್ರಕ್ಕೆ ಹಾಕಿದಳು. ಮಂಕಾಗಿರಬೇಕಾದ ಕಲ್ಲು ಕತ್ತಲಲ್ಲಿ ಕಿತ್ತಳೆ ಹಣ್ಣಿನಂತೆ ಹೊಳೆಯಿತು. ನನ್ನ ನಕ್ಷೆಯಲ್ಲಿ ಚುಕ್ಕೆ ಪಾರೋಸ್ ಬಿಟ್ಟು, ಗ್ರೀಸ್ ಬಿಟ್ಟು ದೂರ ಹೋಗಿ ಕೂತಿತು. ಮೈನಸ್ಸು ಎಲ್ಲೋ ಬಿದ್ದುಹೋಗಿರಬೇಕೆಂದು ನಾನು ಸಾಲುಸಾಲು ತಡಕಾಡಿದೆ. ಎಲ್ಲ ಸರಿಯಾಗಿತ್ತು. ನನ್ನ ಪ್ರೋಗ್ರಾಂ ಸರಿಯಿದೆ ಎಂದು ತಿಳಿದು ನಾನು ದುಃಖಪಟ್ಟದ್ದು ಅದೊಂದೇ ಸಲ.

ಎಲೆನಿ ಸುಮ್ಮನೆ ಎದ್ದು ಹೋಗಿ, ಸ್ಥಳೀಯ ಕಲ್ಲುಗಳ ಖಾನೆಯಿಂದ ಒಂದು ಚೂರು ತಂದು ಪಕ್ಕಕ್ಕಿಟ್ಟಳು. ಅದೇ ದಪ್ಪ ಕಾಳು, ಅದೇ ಬೂದು ಎಳೆ. ಯಂತ್ರಕ್ಕೆ ಹಾಕಿದರೆ ಅವೇ ಅಂಕಿಗಳು. ಅದು ಔವರ್‌ಬಾಖ್‌ನ ಕಲ್ಲು. ಔವರ್‌ಬಾಖ್ ಎಂದರೆ ಡಾರ್ಮ್‌ಸ್ಟಾಟ್‌ನಿಂದ ಲೋಕಲ್ ರೈಲು ಹತ್ತಿ, ಪೇಪರ್ ಓದಿ ಮುಗಿಯುವುದರೊಳಗೆ ಬರುವ ಊರು.

"ಒಂದು ಒಳ್ಳೆಯದಾಯಿತು, ಇದು ಗ್ರೀಸಿನಿಂದ ಕದ್ದದ್ದಲ್ಲ" ಎಂದಳು ಎಲೆನಿ.

ಮನೆಗೆ ಬರುವಾಗ ಟ್ರಾಮಿನಲ್ಲಿ ನಾನು ಸುನಂದಾಳಿಗೆ, "ಪಾರೋಸ್‌ದು ಅಂತ ಹೇಳಿಬಿಡು. ಯಾರಿಗೇನು ತ್ರಾಸು? ಮುದುಕಿ ಖುಷಿಯಿಂದ ಹೋಗಿಬರತಾಳ" ಎಂದೆ.

"ಯಾವ ಗಣಿ ಅಂತ ಕೇಳಿದ್ರ? ಒಂದ ಸುಳ್ಳ ಗಣೀನೂ ತೋರಸೂದೇನು?"

"ಹಂಗಾರ ಮಷೀನು ಕೆಟ್ಟದ ಅನ್ನೂಣು."

"ಎಷ್ಟ ದಿನಾ ಕೆಡತದರೀ ನಿಮ್ಮ ಮಷೀನು?"

ಕೆಲವು ದಿನವಂತೂ ಕೆಟ್ಟಿತು. ಅಷ್ಟೂ ದಿನ ನಾನು ಶೂ ಕೈಯಲ್ಲಿ ಹಿಡಿದು, ಕಾಲುಚೀಲದಲ್ಲಿ ಮೆಟ್ಟಿಲಿಳಿದೆ. ಕೆಳಗಿನ ಬಾಗಿಲು ತೆರೆದು "ಏನಾದರೂ ತಿಳಿಯಿತೇ, ಹೆರ್ ಕುಲ್‌ಕಾರ್ನಿ?" ಎಂದು ದನಿ ಬಂದರೆ, ತಡವಾಯಿತು, ಟ್ರಾಮ್ ಬಂತು ಎಂದು ಓಡುತ್ತಿದ್ದೆ. ಆ ಊರಲ್ಲಿ ಬಾಡಿಗೆಮನೆ ಸಿಗುವುದೆಷ್ಟು ಕಷ್ಟವೆಂದು ಹುಡುಕಿದವರಿಗೇ ಗೊತ್ತು.

ಭಾನುವಾರ ಸುನಂದಾ ಇಳಕಲ್ ಸೀರೆ ಉಟ್ಟು, ಕಲ್ಲನ್ನು ಅದೇ ಕರವಸ್ತ್ರದಲ್ಲಿ ಸುತ್ತಿಕೊಂಡು ಕೆಳಗಿಳಿದಳು. ನಾನು ಹಿಂದೆ. ಕಾಫಿ ಬಗ್ಗಿಸುವ ಮೊದಲೇ ಅವಳು ಹೇಳಿಬಿಟ್ಟಳು. ಹೇಳುವ ವಾಕ್ಯವನ್ನು ಜರ್ಮನ್ ವ್ಯಾಕರಣ ತಪ್ಪದಂತೆ ಮೂರು ದಿನ ರೂಢಿ ಮಾಡಿದ್ದಳು.

ಫ್ರೌ ಕೆಸ್ಲರ್ ಕೆಟಲ್ ಕೆಳಗಿಟ್ಟರು. "ನನ್ನ ಗಂಡ ಸುಳ್ಳುಗಾರ ಎನ್ನುತ್ತಿದ್ದೀರಿ."

"ಇಲ್ಲ. ಈ ಕಲ್ಲು ಔವರ್‌ಬಾಖ್‌ನದು ಎನ್ನುತ್ತಿದ್ದೇನೆ. ಅವರ ವಿಷಯ ನನಗೆ ಗೊತ್ತಿಲ್ಲ."

"ಕೇಕು ಮೇಲೆ ತೆಗೆದುಕೊಂಡು ಹೋಗಿ ತಿನ್ನಿ" ಎಂದರು. ಹೋಗಿ ಎಂಬುದಷ್ಟೇ ನಮಗೆ ಕೇಳಿಸಿತು.

ಆ ವಾರ ಕೆಳಗಿನ ಬಾಗಿಲು ತೆರೆಯಲೇ ಇಲ್ಲ. ಮೆಟ್ಟಿಲ ಕಿಟಕಿ ಬರಿದಾಗಿತ್ತು. ಒಗ್ಗರಣೆಗೆ ಬೇಕೆಂದೇ ಎರಡು ಮೆಣಸಿನಕಾಯಿ ಹೆಚ್ಚು ಹಾಕಿ ನೋಡಿದೆವು, ಬೈಗುಳ ಬರಲಿಲ್ಲ. ನಾನು ಪೇಪರಿನಲ್ಲಿ ಬಾಡಿಗೆ ಜಾಹೀರಾತು ಓದತೊಡಗಿದೆ. ಸುನಂದಾ ಮಾತ್ರ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಂಡು, "ನಾ ಹೇಳಬಾರದಿತ್ತೇನ್ರೀ?" ಎಂದಳು. ಅಷ್ಟು ದಿನ ಹೇಳಬೇಡ ಎಂದಿದ್ದ ನಾನು, "ಹೇಳಿದ್ದು ಛಲೋನ ಆತು" ಎಂದೆ. ಆ ಕ್ಷಣದಲ್ಲಿ ಅದೇ ನಿಜವೆನಿಸಿತು.

ಮುಂದಿನ ಭಾನುವಾರ ಬೆಳಿಗ್ಗೆ ಬಾಗಿಲು ತಟ್ಟಿದರು. ತೆರೆದರೆ ಫ್ರೌ ಕೆಸ್ಲರ್, ಬೆಟ್ಟ ಹತ್ತುವ ಬೂಟು ಹಾಕಿಕೊಂಡು ನಿಂತಿದ್ದಾರೆ.

"ವೆರ್ನರ್‌ನ ಲೀನಾ ಅತ್ತೆ ಇದ್ದದ್ದು ಔವರ್‌ಬಾಖ್‌ನಲ್ಲಿ. ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಶೂ ಹಾಕಿಕೊಳ್ಳಿ, ರೈಲಿಗೆ ಹೊತ್ತಾಯಿತು."

ಔವರ್‌ಬಾಖ್‌ನ ಗಣಿ ಎಂದೋ ಮುಚ್ಚಿತ್ತು. ಊರ ಮೇಲಿನ ಕಣಿವೆಯಲ್ಲಿ ಬೀಗ ಹಾಕಿದ ಕಬ್ಬಿಣದ ಗೇಟು, ಗೇಟಿನಾಚೆ ಕತ್ತಲು. ಇಲ್ಲಿಯೂ ಪಾರೋಸ್‌ನ ಹಾಗೆ ನೆಲದೊಳಗೇ ಸುರಂಗ ಮಾಡಿ ತೆಗೆಯುತ್ತಿದ್ದರೆಂದು ಸುನಂದಾ ಮೆಲ್ಲಗೆ ಹೇಳಿದಳು. ಫ್ರೌ ಕೆಸ್ಲರ್ ಕೇಳಿಸಿಕೊಂಡಂತೆ ಕಾಣಲಿಲ್ಲ. ಕೆಳಗಿಳಿದು ಬಂದು ಲೀನಾ ಅತ್ತೆಯ ಹಳೆಯ ಮನೆಯ ಬೇಲಿಯ ಬಳಿ ನಿಂತರು. ಪಕ್ಕದ ತೋಟದಲ್ಲಿ ಅವರದೇ ವಯಸ್ಸಿನ ಅಜ್ಜಿಯೊಬ್ಬರು ಗುಲಾಬಿ ಗಿಡ ಕತ್ತರಿಸುತ್ತಿದ್ದರು. ಫ್ರೌ ಕೆಸ್ಲರ್ ಅವರನ್ನು ಕೂಗಿ, ಲೀನಾಳ ಸೋದರಳಿಯ ವೆರ್ನರ್ ನೆನಪಿದ್ದಾನೆಯೇ ಎಂದು ಕೇಳಿದರು.

"ಮೋಟಾರ್ ಸೈಕಲ್ ಹುಡುಗ!" ಎಂದರು ಅಜ್ಜಿ, ಕತ್ತರಿ ಕೆಳಗಿಟ್ಟು. "ಗ್ರೀಸಿಗೆ ಹೊರಟಿದ್ದ. ಗಾಡಿ ನಮ್ಮ ಕೊಟ್ಟಿಗೆಯ ಎದುರೇ ಕೆಟ್ಟು ನಿಂತಿತು. ರಿಪೇರಿಗೆ ದುಡ್ಡಿಲ್ಲ, ಊರಿಗೆ ಮರಳಲು ನಾಚಿಕೆ. ಇಡೀ ಬೇಸಿಗೆ ಅಮೃತಶಿಲೆಯ ಗಣಿಯಲ್ಲಿ ಕೆಲಸ ಮಾಡಿದ. ಅಂಗೈ ತುಂಬ ಬೊಕ್ಕೆ. ನಾನೇ ಮುಲಾಮು ಹಚ್ಚುತ್ತಿದ್ದೆ."

"ನೀವು ಹಚ್ಚುತ್ತಿದ್ದಿರಾ?" ಎಂದರು ಫ್ರೌ ಕೆಸ್ಲರ್.

"ಅವನಿಗೆ ಒಬ್ಬಳದೇ ಧ್ಯಾನ. ಡಾರ್ಮ್‌ಸ್ಟಾಟ್‌ನಲ್ಲಿ ಯಾರೋ ಹುಡುಗಿ, ಅವಳಿಗೆ ಗ್ರೀಸಿನ ಕಲ್ಲು ತರುತ್ತೇನೆ ಎಂದು ಮಾತು ಕೊಟ್ಟು ಬಂದಿದ್ದ. ನಮ್ಮಪ್ಪ ಹೇಳಿದರು: ಹುಡುಗಾ, ಇಲ್ಲೂ ಅಮೃತಶಿಲೆಯೇ ಇರುವುದು, ನೀನೇ ಒಂದು ತುಂಡು ಕಡಿದುಕೊಂಡು ಹೋಗು."

ಫ್ರೌ ಕೆಸ್ಲರ್ ತೋಟದ ಗೋಡೆಯ ಮೇಲೆ ಕೂತುಬಿಟ್ಟರು. ಮೊದಲು ಭುಜ ಕುಲುಕಿತು. ಅಳುತ್ತಿದ್ದಾರೆಂದು ಸುನಂದಾ ಓಡಿಹೋಗಿ ಕೈಹಿಡಿದಳು. ಅವರು ನಗುತ್ತಿದ್ದರು, ಕಣ್ಣಲ್ಲಿ ನೀರು ಬರುವಷ್ಟು.

"ಅಲ್ಲಿಯ ಸಮುದ್ರದ ಬಣ್ಣ ಹಾಗಿತ್ತು, ಹೀಗಿತ್ತು ಎನ್ನುತ್ತಿದ್ದ" ಎಂದರು. "ನನ್ನನ್ನೂ ಕರೆದುಕೊಂಡು ಹೋಗು ಎಂದರೆ ಪ್ರತಿವರ್ಷ ಒಂದು ನೆಪ. ಬಿಸಿಲು ಜಾಸ್ತಿ. ಬೆನ್ನುನೋವು. ನಾಯಿಯನ್ನು ಯಾರು ನೋಡಿಕೊಳ್ಳುತ್ತಾರೆ. ಆ ಸಮುದ್ರವನ್ನು ತಾನೊಬ್ಬನೇ ಇಟ್ಟುಕೊಳ್ಳಬೇಕೆಂದಿದ್ದಾನೆ ಅಂದುಕೊಂಡಿದ್ದೆ. ಬದುಕಿಡೀ ನನಗೆ ಅದೊಂದು ಹೊಟ್ಟೆಕಿಚ್ಚು. ಪಾಪ, ಅವನೂ ನೋಡಿರಲಿಲ್ಲ!"

ಅಜ್ಜಿ ಒಳಗೆ ಕರೆದು ಸೇಬಿನ ರಸ ಕೊಟ್ಟರು. ಇಬ್ಬರೂ ಸಂಜೆಯ ರೈಲಿನ ತನಕ ವೆರ್ನರ್‌ನನ್ನು ಬಯ್ಯುತ್ತ ಸುಖವಾಗಿದ್ದರು. ಮರುದಿನ ಕಲ್ಲು ಕಿಟಕಿಗೆ ಮರಳಿತು. ಅಂಚೆಯವನಿಗೆ ಹೊಸ ಕಥೆ ಕೇಳುವ ಭಾಗ್ಯ ಬಂತು. ಹಳೆಯದಕ್ಕಿಂತ ಇದೇ ಉದ್ದವಾಗಿತ್ತು.

ಅಷ್ಟರಲ್ಲಿ ಸುನಂದಾಳ ಚೀಟಿ ಬದಲಾಗಿ ಕೆಲಸಕ್ಕೆ ಅನುಮತಿ ಸಿಕ್ಕಿತು. ವಸಂತದಲ್ಲಿ ಎಲೆನಿಯ ತಂಡ ಪಾರೋಸ್‌ಗೆ ಹೊರಟಾಗ ಅವಳೂ ಸಂಬಳದ ಮೇಲೆ ಹೊರಟಳು. ನಾನು ರಜೆ ಹಾಕಿ ಜೊತೆಗೆ ಹೋದೆ. ತಂಡದಲ್ಲಿ ನನಗೆ ನೀರಿನ ಬಾಟಲಿ ಹೊರುವ ಹುದ್ದೆ ಇತ್ತು. ಅಥೆನ್ಸ್‌ನ ಬಂದರಿನಲ್ಲಿ ಹಡಗು ಹತ್ತಿದರೆ ಅಲ್ಲಿ ನಮಗಿಂತ ಮೊದಲೇ ಫ್ರೌ ಕೆಸ್ಲರ್ ಅವೇ ಬೂಟು ಹಾಕಿಕೊಂಡು ಕೂತಿದ್ದರು. "ವೆರ್ನರ್ ನಿಂತ ಜಾಗ ನೋಡಿಯಾಯಿತು. ಇನ್ನು ಅವನು ನಿಲ್ಲದ ಜಾಗ ನೋಡುತ್ತೇನೆ" ಎಂದರು.

ಗಣಿಯ ಬಾಯಿ ಒಂದು ಬೋಳು ಗುಡ್ಡದ ಮಗ್ಗುಲಲ್ಲಿತ್ತು. ಹೆಲ್ಮೆಟ್ ಹಾಕಿಕೊಂಡು ಇಳಿದೆವು. ಕಾಲಡಿಯಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದೆ ಕಡಿದು ಬಿಟ್ಟ ಚಕ್ಕೆಗಳು ಜಾರುತ್ತಿದ್ದವು. ಎಲೆನಿ ಲೇಸರ್ ಯಂತ್ರ ನಿಲ್ಲಿಸಿ, ಎಲ್ಲ ಟಾರ್ಚ್ ಆರಿಸಲು ಹೇಳಿದಳು. ಆಮೇಲೆ ಒಂದು ಸಣ್ಣ ಎಣ್ಣೆದೀಪ ಹಚ್ಚಿ ಗೋಡೆಯ ಪಕ್ಕಕ್ಕೆ ಹಿಡಿದಳು. ಓರೆ ಬೆಳಕಿಗೆ ಗುದ್ದಲಿಯ ಗೀರುಗಳೆಲ್ಲ ಒಮ್ಮೆಲೇ ಎದ್ದು ನಿಂತವು, ಈಗಷ್ಟೇ ಯಾರೋ ಹೊಡೆದು ಊಟಕ್ಕೆ ಹೋದಂತೆ. ಫ್ರೌ ಕೆಸ್ಲರ್ ತಮ್ಮ ಅಂಗೈಯನ್ನು ಒಂದು ಗೀರಿನ ಮೇಲಿಟ್ಟು ಬಹಳ ಹೊತ್ತು ನಿಂತರು. "ಇವರ ಕೈಗೂ ಬೊಕ್ಕೆ ಬಂದಿರಬೇಕು" ಎಂದರು.

ಮೇಲೆ ಹತ್ತುವಾಗ ಅವರ ಕಾಲು ಜಾರಿತು. ಸುನಂದಾ ಸೊಂಟಕ್ಕೆ ಕೈಹಾಕಿ ಹಿಡಿದುಕೊಂಡಳು. ಇಬ್ಬರೂ ಹಾಗೆಯೇ ಬಿಸಿಲಿಗೆ ಬಂದು, ದೂರದ ಸಮುದ್ರಕ್ಕೆ ಮುಖ ಮಾಡಿ ಏದುಸಿರು ಬಿಡುತ್ತ ನಿಂತರು.

"ಇನ್ನು ಈ ಫ್ರೌ ಕೆಸ್ಲರ್, ಫ್ರೌ ಕುಲ್‌ಕಾರ್ನಿ ಎಲ್ಲ ಸಾಕು" ಎಂದರು ಅವರು. "ನನ್ನ ಹೆಸರು ಇರ್ಮಾ. ನೀನು ಎಂದೇ ಕರೆ."

ಜರ್ಮನರಲ್ಲಿ ಹಿರಿಯರು ತಾವಾಗಿ ಹೀಗೆ ಹೇಳುವುದು ದೊಡ್ಡ ಮಾತು. ಸುನಂದಾಳಿಗೆ ಅದು ಗೊತ್ತಿತ್ತು. ಆದರೆ ತಾಯಿಗಿಂತ ಹಿರಿಯರನ್ನು ಬರೀ ಹೆಸರು ಹಿಡಿದು ಕರೆಯಲು ಧಾರವಾಡದ ನಾಲಿಗೆ ಏಳಬೇಕಲ್ಲ! ನನ್ನತ್ತ ತಿರುಗಿ, "ಹ್ಯಾಂಗ್ ಕರೀಲ್ರೀ? ಬಾಯಾಗ ಬರವೊಲ್ದು" ಎಂದಳು. ಒಂದು ಕ್ಷಣ ಯೋಚಿಸಿ, ಅವರ ಕೈ ಅದುಮಿ, "ಇರ್ಮಾಬಾಯಿ" ಎಂದಳು.

"ಬಾಯಿ ಎಂದರೇನು?"

"ನಮ್ಮ ಕಡೆ ಮನೆಯ ಹಿರಿಯ ಹೆಂಗಸರ ಹೆಸರಿಗೆ ಸೇರಿಸುತ್ತೇವೆ."

ಆ ಮಧ್ಯಾಹ್ನ ಕಡಲ ದಂಡೆಯ ಖಾನಾವಳಿಯಲ್ಲಿ ಊಟಕ್ಕೆ ಕೂತಾಗ, ಮಾಲೀಕ ಎಲ್ಲರಿಗೂ ದ್ರಾಕ್ಷಿ ತಂದಿಟ್ಟು, ಎಲೆನಿಯ ಮೂಲಕ ಒಬ್ಬೊಬ್ಬರ ಹೆಸರು ಕೇಳುತ್ತ ಬಂದ. ನಾನು ಹೇಳಿದೆ, ಸುನಂದಾ ಹೇಳಿದಳು. ಸರದಿ ಅವರಿಗೆ ಬಂದಾಗ ಅವರು ಹೆಲ್ಮೆಟ್ಟಿನಿಂದ ಕೆದರಿದ ಬಿಳಿ ಕೂದಲು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಔಷಧಿಯ ಹೆಸರು ಹೇಳುವಷ್ಟು ಸ್ಪಷ್ಟವಾಗಿ ಹೇಳಿದರು:

"ಇರ್ಮಾಬಾಯಿ."